ಗಣಕಯಂತ್ರದ ಮುಂದೆ ಕುಳಿತುಕೊಳ್ಳುವ ಬಗೆ

‘ನೆಟ್ಟಗೆ ಕುಳಿತುಕೋ’ ಎಂಬ ಮಾತನ್ನು ಕೇಳದೆ ಬೆಳೆದ ವಿದ್ಯಾರ್ಥಿ ನಮ್ಮಲ್ಲಿ ಇರಲಾರನು. ಮನೆಯಲ್ಲಿ ಹಿರಿಯರು ಹೇಳುತ್ತಾರೆ. ಶಾಲೆಯಲ್ಲಿ ಶಿಕ್ಷಕರಾದ ನಾವು ಹೇಳುತ್ತೇವೆ. ಮಾತೇನೋ ಒಳ್ಳೆಯದೇ. ಆದರೆ ಕಾಲು ನೆಲಕ್ಕೆ ಎಟುಕದ ಸ್ಟೂಲು, ಎದೆಯ ಮಟ್ಟಕ್ಕೆ ಬರುವ ಮೇಜು, ಕತ್ತೆತ್ತಿ ನೋಡಬೇಕಾದ ಪರದೆ, ಇವುಗಳ ನಡುವೆ ಮಗುವನ್ನು ಕೂರಿಸಿ ಆ ಮಾತನ್ನು ಹೇಳುವುದು ಎಷ್ಟರ ಮಟ್ಟಿಗೆ ನ್ಯಾಯ? ಗಣಕಯಂತ್ರದ ಮುಂದೆ ಬಾಗಿದ ಬೆನ್ನು ವಿದ್ಯಾರ್ಥಿಯ ಸೋಮಾರಿತನದ ಗುರುತಲ್ಲ. ಬಹುಮಟ್ಟಿಗೆ ಅದು ಆಸನದ ದೋಷ. ಆಸನವು ಶರೀರಕ್ಕೆ ಹೊಂದಿಕೊಳ್ಳಬೇಕೇ ಹೊರತು ಶರೀರವು ಆಸನಕ್ಕಲ್ಲ ಎಂಬುದು ನಮ್ಮ ಅಭಿಪ್ರಾಯ.

ಈ ತೊಂದರೆ ಗಣಕಯಂತ್ರದೊಡನೆ ಹುಟ್ಟಿದುದಲ್ಲ. ಬರ್ನಾರ್ಡಿನೊ ರಮಝೀನಿ ಎಂಬ ಇಟಲಿಯ ವೈದ್ಯನು ಕಸುಬುದಾರರ ರೋಗಗಳನ್ನು ಕುರಿತು 1700ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದನು. 1713ರಲ್ಲಿ ಅದನ್ನು ವಿಸ್ತರಿಸಿದಾಗ ಬರೆವಣಿಗೆಯಿಂದಲೇ ಜೀವಿಸುವವರ ಬೇನೆಗಳನ್ನೂ ಸೇರಿಸಿದನು. ಸದಾ ಕುಳಿತೇ ಇರುವುದು, ಕೈಯನ್ನು ಒಂದೇ ಬಗೆಯಾಗಿ ಎಡೆಬಿಡದೆ ಆಡಿಸುವುದು, ತಪ್ಪಾದೀತೆಂಬ ಆತಂಕದಿಂದ ಮನಸ್ಸನ್ನು ಬಿಗಿಹಿಡಿಯುವುದು, ಈ ಮೂರನ್ನು ಅವನು ಕಾರಣಗಳೆಂದು ಎಣಿಸಿದನು. ಅವನಿಗೆ ಪರಿಚಿತನಾದ ಒಬ್ಬ ದಸ್ತಾವೇಜು ಬರೆಯುವವನ ಬಲಗೈ ಸೋತುಹೋಗಲು, ಆತನು ಎಡಗೈಯಿಂದ ಬರೆಯಲು ಕಲಿತನಂತೆ. ಕೆಲವು ಕಾಲದಲ್ಲಿಯೇ ಎಡಗೈಗೂ ಅದೇ ಗತಿಯಾಯಿತು. ಕೈ ಬದಲಾಯಿತು, ಕೆಲಸದ ಕ್ರಮ ಬದಲಾಗಲಿಲ್ಲ. ಮುಂದೆ ಬ್ರಿಟನ್ನಿನಲ್ಲಿ ತಂತಿ ಕಳುಹಿಸುವ ನೌಕರರ ಕೈಸೆಡೆತವನ್ನು 1908ರಲ್ಲಿ ಪರಿಹಾರಕ್ಕೆ ಅರ್ಹವಾದ ಕಸುಬಿನ ರೋಗಗಳ ಪಟ್ಟಿಗೆ ಸೇರಿಸಿದರು. ಬೇನೆ ಹಳೆಯದು, ಉಪಕರಣ ಮಾತ್ರ ಹೊಸದು.

‘ನಮ್ಮ ಹಿರಿಯರು ಅಂಗಡಿಯ ಗಾದಿಯ ಮೇಲೆ ಚಕ್ಕಳಮಕ್ಕಳ ಹಾಕಿ ದಿನವಿಡೀ ಲೆಕ್ಕ ಬರೆಯಲಿಲ್ಲವೇ?’ ಎಂದು ಕೆಲವರು ಕೇಳುವುದುಂಟು. ಬರೆದರು, ನಿಜ. ಆದರೆ ಅವರ ಮುಂದಿದ್ದ ಇಳಿಜಾರು ಡೆಸ್ಕು ನೆಲದ ಮೇಲೆ ಕುಳಿತವನ ಎತ್ತರಕ್ಕೆಂದೇ ಮಾಡಿದುದು. ಲೇಖನಿಯನ್ನು ಮಸಿಯಲ್ಲಿ ಅದ್ದುವಾಗಲೆಲ್ಲ ಕೈಗೆ ಕ್ಷಣಕಾಲದ ವಿಶ್ರಾಂತಿ ಸಿಗುತ್ತಿತ್ತು. ಬೇರೆ ಖಾತೆಯ ಪುಸ್ತಕ ಬೇಕಾದರೆ ಏಳಬೇಕಾಗುತ್ತಿತ್ತು. ಗಣಕಯಂತ್ರವು ಇವೆರಡು ಬಿಡುವುಗಳನ್ನೂ ಕಸಿದುಕೊಂಡಿದೆ. ಎಲ್ಲವೂ ಕುಳಿತಲ್ಲಿಗೇ ಬರುವುದರಿಂದ ನಾವು ಕುಳಿತೇ ಇರುತ್ತೇವೆ.

ಹಾಗಾದರೆ ಕುಳಿತುಕೊಳ್ಳುವುದು ಹೇಗೆ? ಮೊಣಕೈಯಿಂದ ಆರಂಭಿಸಿರಿ. ಹೆಗಲನ್ನು ಸಡಿಲಬಿಟ್ಟು ಮೊಣಕೈಯನ್ನು ಪಕ್ಕೆಯ ಬಳಿ ಇಟ್ಟಾಗ ಮುಂಗೈ ಕೀಲಿಮಣೆಯ ಮಟ್ಟಕ್ಕೆ ಸಮನಾಗಿರಬೇಕು. ಮೇಜು ಎತ್ತರವಾಗಿದ್ದರೆ ಕುರ್ಚಿಯ ಮೇಲೆ ದಿಂಬನ್ನೋ ಮಡಿಸಿದ ಕಂಬಳಿಯನ್ನೋ ಹಾಕಿರಿ. ಆಗ ಕಾಲು ನೇತಾಡುವುದಾದರೆ ಪಾದದ ಕೆಳಗೆ ಒಂದು ಮಣೆಯನ್ನಿಡಿರಿ. ಸೊಂಟಕ್ಕೆ ಆಸರೆಯಿಲ್ಲದಿದ್ದರೆ ಟವೆಲ್ಲನ್ನು ಸುರುಳಿ ಸುತ್ತಿ ಬೆನ್ನಿನ ಹಿಂದೆ ಇರಿಸಿರಿ. ಪರದೆಯು ಒಂದು ತೋಳಳತೆಯ ದೂರದಲ್ಲಿರಲಿ. ಅದರ ಮೇಲಂಚು ಕಣ್ಣಿನ ಮಟ್ಟದಲ್ಲಿ ಅಥವಾ ತುಸು ಕೆಳಗೆ ಇರಲಿ. ಕಿಟಕಿ ಹಿಂದೆಯೂ ಬೇಡ, ಮುಂದೆಯೂ ಬೇಡ. ಪಕ್ಕದಲ್ಲಿದ್ದರೆ ಪರದೆಯ ಮೇಲೆ ಬೆಳಕು ಪ್ರತಿಫಲಿಸಿ ಕಣ್ಣು ಕುಕ್ಕುವುದು ಕಡಿಮೆಯಾಗುತ್ತದೆ.

ಮಣಿಕಟ್ಟಿನ ವಿಷಯದಲ್ಲಿ ವಿಶೇಷ ಎಚ್ಚರಿಕೆ ಬೇಕು. ಬೆರಳುಗಳನ್ನು ಮಡಿಸುವ 9 ಸ್ನಾಯುರಜ್ಜುಗಳೂ ಒಂದು ಮುಖ್ಯ ನರವೂ ಮಣಿಕಟ್ಟಿನ ಇಕ್ಕಟ್ಟಾದ ಹಾದಿಯೊಂದರಲ್ಲಿ ಹಾಯುತ್ತವೆ. ಮಣಿಕಟ್ಟು ಬಾಗಿದಷ್ಟೂ ಆ ಹಾದಿಯಲ್ಲಿ ಒತ್ತಡ ಹೆಚ್ಚುತ್ತದೆ. ಆದುದರಿಂದ ಕೀಲಿಮಣೆಯ ಹಿಂಬದಿಯಲ್ಲಿರುವ ಪುಟ್ಟ ಕಾಲುಗಳನ್ನು ಮಡಚಿಬಿಡಿರಿ. ಮೌಸನ್ನು ಕೀಲಿಮಣೆಗೆ ತಾಗಿದಂತೆ ಇಟ್ಟುಕೊಳ್ಳಿರಿ. ಕನ್ನಡವನ್ನು ಟೈಪು ಮಾಡುವ ನಮಗೆ ಇನ್ನೊಂದು ಮಾತೂ ಉಂಟು. ‘ನುಡಿ’ಯ ಕೀಲಿಮಣೆಯಲ್ಲಿ ಮಹಾಪ್ರಾಣಾಕ್ಷರಗಳಿಗೆ ಶಿಫ್ಟ್ ಕೀಲಿಯನ್ನು ಒತ್ತಬೇಕು. ಒಂದೇ ಕೈಯ ಕಿರುಬೆರಳನ್ನು ಚಾಚಿ ಅದನ್ನೂ ಅಕ್ಷರವನ್ನೂ ಒತ್ತುವ ಬದಲು, ಅಕ್ಷರ ಬಲಗೈಯದಾದರೆ ಶಿಫ್ಟನ್ನು ಎಡಗೈಯಿಂದಲೂ, ಎಡಗೈಯದಾದರೆ ಬಲಗೈಯಿಂದಲೂ ಒತ್ತುವುದನ್ನು ಮೊದಲ ದಿನದಿಂದಲೇ ರೂಢಿಸಿಕೊಳ್ಳಬೇಕು.

‘ನಮ್ಮದು ಒಂದೇ ಕೋಣೆಯ ಮನೆ, ಮೇಜೆಲ್ಲಿ, ಕುರ್ಚಿಯೆಲ್ಲಿ?’ ಎಂದು ನಿಮ್ಮಲ್ಲಿ ಅನೇಕರು ಕೇಳಬಹುದು. ಮುಂಬಯಿಯ ಮನೆಗಳನ್ನು ನಾವೂ ಬಲ್ಲೆವು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಹಣದ ವಿಷಯಕ್ಕೆ ಸರಿಯೇ ಹೊರತು ಬೆಳೆಯುವ ಬೆನ್ನುಮೂಳೆಗೆ ಸರಿಯಲ್ಲ. ಲ್ಯಾಪ್‌ಟಾಪಿನಲ್ಲಿ ಪರದೆಯೂ ಕೀಲಿಮಣೆಯೂ ಅಂಟಿಕೊಂಡಿರುವುದರಿಂದ ಕೈಗೆ ಸರಿಯಾದರೆ ಕತ್ತಿಗೆ ತಪ್ಪುತ್ತದೆ, ಕತ್ತಿಗೆ ಸರಿಯಾದರೆ ಕೈಗೆ ತಪ್ಪುತ್ತದೆ. ಅದನ್ನು ಗಟ್ಟಿಯಾದ ಪೆಟ್ಟಿಗೆಯ ಮೇಲಿರಿಸಿ ಬೇರೊಂದು ಕೀಲಿಮಣೆಯನ್ನು ಜೋಡಿಸುವುದು ಉತ್ತಮ. ಮೊಬೈಲಿನಲ್ಲಿ ಪಾಠ ಓದುವವರು ಗೋಡೆಗೆ ಒರಗಿ ಕುಳಿತು, ತೊಡೆಯ ಮೇಲೆ ದಿಂಬನ್ನಿಟ್ಟು, ಅದರ ಮೇಲೆ ಕೈಯೂರಿ ಫೋನನ್ನು ಎತ್ತಿ ಹಿಡಿಯಲಿ. ಇದಕ್ಕೆ ಹಣ ಬೇಕಾಗಿಲ್ಲ.

ಇಷ್ಟೆಲ್ಲವನ್ನು ಮಾಡಿದರೂ ಒಂದು ಮಾತನ್ನು ಮರೆಯಬಾರದು. ಎಷ್ಟೇ ಒಳ್ಳೆಯ ಭಂಗಿಯಾದರೂ ಗಂಟೆಗಟ್ಟಲೆ ಅದರಲ್ಲಿಯೇ ಇದ್ದರೆ ಅದು ಕೆಟ್ಟ ಭಂಗಿಯೇ. 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡಿರಿ. ಪರದೆಯನ್ನು ದಿಟ್ಟಿಸುವಾಗ ರೆಪ್ಪೆ ಬಡಿಯುವುದು ಕಡಿಮೆಯಾಗಿ ಕಣ್ಣು ಒಣಗುವುದರಿಂದ ರೆಪ್ಪೆ ಬಡಿಯುವುದನ್ನೂ ಮರೆಯದಿರಿ. ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಿರಿ. ಬೆರಳಿಗೆ ಜೋಮು ಹಿಡಿಯುವುದು, ಮಣಿಕಟ್ಟು ನೋಯುವುದು ಮತ್ತೆ ಮತ್ತೆ ಕಂಡುಬಂದರೆ ಮುಚ್ಚಿಡದೆ ಮನೆಯವರಿಗೂ ನಮಗೂ ತಿಳಿಸಿರಿ. ವೈದ್ಯರಿಗೆ ತೋರಿಸಬೇಕಾದ ವಿಷಯವದು.

ಇನ್ನು ಶಾಲೆಗಳ ಕರ್ತವ್ಯ. 5ನೆಯ ತರಗತಿಯ ಬಾಲಕಿಗೂ 10ನೆಯ ತರಗತಿಯ ಹುಡುಗನಿಗೂ ಒಂದೇ ಅಳತೆಯ ಸ್ಟೂಲನ್ನು ಕೊಟ್ಟು ಅದನ್ನು ಸಮಾನತೆ ಎಂದು ಕರೆಯಲಾಗದು. ಸಮವಸ್ತ್ರವನ್ನು ಅಳತೆ ತೆಗೆದು ಹೊಲಿಸುವ ನಾವು ಆಸನಕ್ಕೆ ಅಳತೆ ಏಕೆ ನೋಡಬಾರದು? ಗಣಕಯಂತ್ರಗಳನ್ನು ಕೊಳ್ಳುವಾಗ ಹೊಂದಿಸಬಲ್ಲ ಕುರ್ಚಿಗಳಿಗೂ ಕಾಲ್ಮಣೆಗಳಿಗೂ ಹಣ ತೆಗೆದಿರಿಸಬೇಕು. ಪಾಠದ ಅವಧಿಯ ನಡುವೆ ಎದ್ದು ಮೈ ಸಡಿಲಿಸಿದ ವಿದ್ಯಾರ್ಥಿಯನ್ನು ಗದರಿಸುವ ಪದ್ಧತಿ ಹೋಗಬೇಕು. ಎಲ್ಲರನ್ನೂ ಎಬ್ಬಿಸಿ ನಿಲ್ಲಿಸುವ ಪದ್ಧತಿ ಬರಬೇಕು.

ಈ ನಗರದ ಕನ್ನಡಿಗರಲ್ಲಿ ಎಷ್ಟೋ ಮಂದಿ ಹಗಲು ಹೋಟೆಲುಗಳಲ್ಲಿ ದುಡಿದು, ರಾತ್ರಿ ಶಾಲೆಗಳಲ್ಲಿ ಓದಿ, ಕಚೇರಿಗಳಲ್ಲಿ ಕೆಲಸ ಸಂಪಾದಿಸಿದವರು. ಅವರಿಗೆ ಇದ್ದ ಆಸ್ತಿ ಎರಡು ಕೈಗಳು. ನಿಮ್ಮಲ್ಲಿ ಹಲವರ ಆಸ್ತಿಯೂ ಅದೇ. 40 ವರ್ಷ ದುಡಿಯಬೇಕಾದ ಆ ಕೈಗಳನ್ನು 15ರ ಪ್ರಾಯದಲ್ಲಿಯೇ ಸವೆಸಬಾರದು. ಮುಂದಿನ ಗಣಕ ತರಗತಿಯಲ್ಲಿ ಪಕ್ಕದ ಸ್ನೇಹಿತನ ಮೊಣಕೈ, ಪಾದ, ಕಣ್ಣಿನ ಮಟ್ಟ, ಈ ಮೂರನ್ನು ನೀವು ನೋಡಿರಿ; ನಿಮ್ಮದನ್ನು ಅವನು ನೋಡಲಿ. ಸರಿಯಿಲ್ಲದುದನ್ನು ಬರೆದು ನಮಗೆ ಕೊಡಿರಿ. ಕೇಳುವುದು ನಿಮ್ಮ ಹಕ್ಕು; ಸರಿಪಡಿಸುವುದು ಹಿರಿಯರಾದ ನಮ್ಮ ಹೊಣೆ.