ಜಡೆಯೂ ಅದರ ಬಿಗಿತವೂ

ನಮ್ಮ ಅನೇಕ ಪ್ರೌಢಶಾಲೆಗಳಲ್ಲಿ ಹುಡುಗಿಯರು ಎರಡು ಜಡೆ ಹೆಣೆದು, ಅವನ್ನು ಮಡಿಸಿ, ರಿಬ್ಬನ್ ಕಟ್ಟಿಕೊಂಡು ಬರಬೇಕೆಂಬ ನಿಯಮವುಂಟು. ನಿಯಮದಲ್ಲಿ ಬರೆದಿರದಿದ್ದರೂ ಆಚರಣೆಯಲ್ಲಿ ಇನ್ನೊಂದು ಮಾತು ಸೇರಿಕೊಂಡಿದೆ: ಜಡೆ ಬಿಗಿಯಾಗಿರಬೇಕು. ಹಣೆಯ ಮೇಲೆ ಒಂದು ಎಳೆಯೂ ಹಾರದಂತೆ ಬಾಚಿ ಎಳೆದು ಕಟ್ಟಿದರೆ ಮಾತ್ರ ಅಚ್ಚುಕಟ್ಟು ಎಂದು ಉಪಾಧ್ಯಾಯರೂ ತಾಯಂದಿರೂ ಭಾವಿಸುವುದುಂಟು. ಜಡೆ ಹೆಣೆಯುವುದು ಕೂದಲಿಗೆ ಹಿತ, ಬಿಗಿಯುವುದು ಅಹಿತ. ಈ ಎರಡನ್ನೂ ಒಂದೇ ಎಂದು ಎಣಿಸಿರುವುದು ತಪ್ಪೆಂದು ನನ್ನ ಅಭಿಪ್ರಾಯ. ಭೌತಶಾಸ್ತ್ರದ ಅಧ್ಯಾಪಕನಿಗೆ ಜಡೆಯ ಗೊಡವೆ ಏಕೆಂದು ಕೇಳುವವರಿರಬಹುದು. ಎಳೆತ, ಘರ್ಷಣೆ, ಸ್ಥಿತಿಸ್ಥಾಪಕತ್ವಗಳು ಪ್ರಯೋಗಶಾಲೆಯ ತಂತಿಗೆ ಹೇಗೋ ತಲೆಗೂದಲಿಗೂ ಹಾಗೆಯೇ ಅಲ್ಲವೆ?

ಒಂದು ಕೂದಲಿನ ವ್ಯಾಸ ಸುಮಾರು 0.08 ಮಿಲಿಮೀಟರು ಎಂದಿಟ್ಟುಕೊಳ್ಳೋಣ. ಒಣಗಿದ, ಆರೋಗ್ಯವಾದ ಅಂಥ ಕೂದಲು ಕಡಿಯಬೇಕಾದರೆ ಸುಮಾರು 100 ಗ್ರಾಂ ತೂಕವನ್ನು ತೂಗಿಹಾಕಬೇಕಾಗುತ್ತದೆ. ಅಂದರೆ ಪ್ರತಿ ಚದರ ಮಿಲಿಮೀಟರಿಗೆ ಸುಮಾರು 20 ಕಿಲೋಗ್ರಾಂ! ಎಳೆದಾಗ ಮೊದಲು ಶೇಕಡ 2ರಷ್ಟು ಉದ್ದವಾಗುವವರೆಗೆ ಅದು ಹುಕ್‌ನ ನಿಯಮವನ್ನು ಪಾಲಿಸುತ್ತದೆ. ಆಮೇಲೆ ಅಲ್ಪ ಬಲಕ್ಕೇ ಬಹಳ ಹಿಗ್ಗುತ್ತದೆ. ಶೇಕಡ 30ನ್ನು ಮೀರಿ ಹಿಗ್ಗಿದ ಕೂದಲು ಮತ್ತೆ ಮೊದಲಿನಂತಾಗುವುದಿಲ್ಲ. ನೀರು ಸೋಕಿದಾಗ ಈ ಲೆಕ್ಕವೆಲ್ಲ ಬದಲಾಗುತ್ತದೆ. ಕೂದಲಿನ ದ್ರವ್ಯವಾದ ಕೆರಟಿನ್ ಎಂಬ ಪ್ರೋಟೀನಿನ ಸರಪಣಿಗಳನ್ನು ಹಿಡಿದಿರುವ ಬಂಧಗಳಲ್ಲಿ ಗಂಧಕದವು ನೀರಿಗೆ ಜಗ್ಗವು, ಜಲಜನಕದವು ಬಿಟ್ಟುಕೊಡುತ್ತವೆ. ಒದ್ದೆ ಕೂದಲು ಉಬ್ಬುತ್ತದೆ, ಸುಲಭವಾಗಿ ಹಿಗ್ಗುತ್ತದೆ, ಕಡಿಮೆ ಬಲಕ್ಕೆ ಕಡಿಯುತ್ತದೆ. ಶಾಲೆಯ ಗಂಟೆಯ ಅವಸರದಲ್ಲಿ, ತಲೆಗೆ ನೀರು ಹಾಕಿಕೊಂಡ ಹತ್ತೇ ನಿಮಿಷಕ್ಕೆ ಬಾಚಿ ಬಿಗಿಯುವವರು ಕೂದಲು ಅತ್ಯಂತ ದುರ್ಬಲವಾಗಿರುವ ಗಳಿಗೆಯನ್ನೇ ಆರಿಸಿಕೊಂಡಂತಾಯಿತು.

ಕೂದಲಿನ ಹೊರಮೈ ಮೀನಿನ ಹುರುಪೆಗಳಂತೆ ಒಂದರ ಮೇಲೊಂದು ಹೊಂದಿರುವ ಸೂಕ್ಷ್ಮ ಹಲ್ಲೆಗಳಿಂದ ಆಗಿದೆ. ಉದುರಿದ ಕೂದಲೊಂದನ್ನು ಬೆರಳುಗಳ ನಡುವೆ ಹಿಡಿದು ಬುಡದಿಂದ ತುದಿಗೆ ಎಳೆದು ನೋಡಿ, ನುಣುಪಾಗಿ ಜಾರುತ್ತದೆ. ತುದಿಯಿಂದ ಬುಡಕ್ಕೆ ಎಳೆದರೆ ತಡೆಯುತ್ತದೆ. ಹಲ್ಲೆಗಳು ತುದಿಯ ಕಡೆಗೆ ಮುಖ ಮಾಡಿರುವುದೇ ಇದಕ್ಕೆ ಕಾರಣ. ಗಾಳಿಗೆ ಹಾರುವ ಬಿಚ್ಚುಗೂದಲಿನಲ್ಲಿ ಅಕ್ಕಪಕ್ಕದ ಎಳೆಗಳು ಅಡ್ಡಾದಿಡ್ಡಿ ಉಜ್ಜಿಕೊಂಡು ಈ ಹಲ್ಲೆಗಳು ಏಳುತ್ತವೆ, ಸವೆಯುತ್ತವೆ, ಸಿಕ್ಕು ಕಟ್ಟುತ್ತದೆ. ಸಿಕ್ಕಿಗೆ ಬಾಚಣಿಗೆ ಸಿಲುಕಿದಾಗ ಕೈಯ ಬಲವೆಲ್ಲ ಹತ್ತಾರು ಎಳೆಗಳ ಮೇಲೆಯೇ ಬೀಳುತ್ತದೆ. ಸವೆದದ್ದನ್ನು ದೇಹ ದುರಸ್ತಿ ಮಾಡಲಾರದು, ಏಕೆಂದರೆ ಚರ್ಮದಿಂದ ಹೊರಬಂದ ಕೂದಲಿಗೆ ಜೀವವಿಲ್ಲ. ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರು ಬೆಳೆಯುವುದೆಂದರೆ, 70 ಸೆಂಟಿಮೀಟರು ಉದ್ದದ ಕೂದಲಿನ ತುದಿಗೆ ಹೆಚ್ಚುಕಡಿಮೆ ಆರು ವರ್ಷ ವಯಸ್ಸು. ಹೈಸ್ಕೂಲಿನ ಹುಡುಗಿಯ ಜಡೆಯ ತುದಿ ಪ್ರಾಥಮಿಕ ಶಾಲೆಯ ಬಿಸಿಲುಗಾಳಿಗಳನ್ನೆಲ್ಲ ಕಂಡದ್ದು!

ಇಲ್ಲಿಯೇ ಜಡೆಯ ಉಪಕಾರ. ಗಿಡ್ಡ ನಾರುಗಳನ್ನು ಹೊಸೆದರೆ ಉದ್ದವಾದ, ಬಲವಾದ ಹಗ್ಗವಾಗುವುದು ಹೇಗೆಂಬ ಪ್ರಶ್ನೆಯನ್ನು ಗೆಲಿಲಿಯೋ 1638ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿಯೇ ಚರ್ಚಿಸಿದ್ದಾನೆ. ಹೊಸೆದ ನಾರುಗಳು ಒಂದನ್ನೊಂದು ಒತ್ತಿ ಹಿಡಿಯುತ್ತವೆ; ಘರ್ಷಣೆ ಅವನ್ನು ಜಾರಗೊಡದು; ಭಾರ ಎಲ್ಲಕ್ಕೂ ಹಂಚಿಹೋಗುತ್ತದೆ. ಜಡೆಯ ಮೂರು ಕಾಲುಗಳಲ್ಲಿಯೂ ನಡೆಯುವುದು ಇದೇ. ಸಾವಿರಾರು ಎಳೆಗಳು ಒಟ್ಟಾಗಿ ಅಲುಗುವುದರಿಂದ ಪರಸ್ಪರ ಉಜ್ಜಾಟ ಕಡಿಮೆ. ಹಳೆಯ ತುದಿಗಳು ಒಳಗೆ ಅಡಗುತ್ತವೆ. ಕೊಬ್ಬರಿ ಎಣ್ಣೆ ಸವರುವ ನಮ್ಮ ಪದ್ಧತಿಯೂ ಇದಕ್ಕೆ ಒತ್ತಾಸೆ. ಆ ಎಣ್ಣೆ ಕೂದಲಿನೊಳಕ್ಕೆ ಇಳಿದು ತೊಳೆಯುವಾಗ ಆಗುವ ಪ್ರೋಟೀನಿನ ನಷ್ಟವನ್ನು ತಗ್ಗಿಸುತ್ತದೆಂದು 2003ರಲ್ಲಿ ಭಾರತೀಯ ಸಂಶೋಧಕರು ಪ್ರಕಟಿಸಿದರು.

ಹಾಗಾದರೆ ಹಾನಿ ಎಲ್ಲಿಂದ? ಜಡೆಯ ತೂಕದಿಂದಲ್ಲ. ಲೆಕ್ಕ ಹಾಕಿ ನೋಡಿದರೆ ಒಂದು ಲಕ್ಷ ಕೂದಲಿನ ಉದ್ದ ಜಡೆಯೂ ಮುನ್ನೂರು ನಾನೂರು ಗ್ರಾಂ ತೂಗೀತು. ಒಂದೊಂದು ಬುಡದ ಪಾಲಿಗೆ ಬರುವುದು ಕೆಲವೇ ಮಿಲಿಗ್ರಾಂ. ಹಾನಿ ಮಾಡುವುದು ಕೈಯ ಎಳೆತ. ಹಣೆಯ ಮತ್ತು ಕಪೋಲದ ಅಂಚಿನ ಕೂದಲು ಸಹಜವಾಗಿಯೇ ತೆಳು. ಅದನ್ನು ಹಿಂದಕ್ಕೆ ಸೆಳೆದು ಕಟ್ಟಿದಾಗ ಎಳೆತದ ಬಹುಪಾಲನ್ನು ಅದೇ ಹೊರಬೇಕಾಗುತ್ತದೆ, ಅದೂ ಬೆಳಗಿನಿಂದ ಸಂಜೆಯವರೆಗೆ. ಕಡಿಯುವಷ್ಟು ಬಲ ಬೇಕಿಲ್ಲ. ಬುಡದ ಕೋಶ ನೋಯುವಷ್ಟು ಸಾಕು. ಮೊದಮೊದಲು ನೋವು, ಬುಡದಲ್ಲಿ ಸಣ್ಣ ಗುಳ್ಳೆಗಳು. ಬಳಿಕ ಅಂಚಿನಲ್ಲಿ ತುಂಡುಗೂದಲು, ವಿರಳತೆ. ಆಗಲೇ ಕಟ್ಟನ್ನು ಸಡಿಲಿಸಿದರೆ ಕೂದಲು ಮತ್ತೆ ಬರುತ್ತದೆ. ವರ್ಷಗಟ್ಟಲೆ ಮುಂದುವರಿದರೆ ಕೋಶದ ಜಾಗದಲ್ಲಿ ಗಾಯದ ಕಲೆ ನಿಂತು ಅಲ್ಲಿ ಮತ್ತೆಂದೂ ಬೆಳೆಯದು.

ಇದು ಊಹೆಯ ಮಾತಲ್ಲ. ಗ್ರೀನ್‌ಲೆಂಡಿನ ಹೆಂಗಸರಲ್ಲಿ ಬಿಗಿಯಾದ ಮುಡಿಯಿಂದ ಹಣೆ ಬೋಳಾಗುವುದನ್ನು ವೈದ್ಯರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ವರ್ಣಿಸಿದ್ದರು. ತಲೆಯ ಮೇಲೆ ಬಿಗಿಯಾಗಿ ಗಂಟು ಕಟ್ಟುವ ಸಿಖ್ ಯುವಕರಲ್ಲಿಯೂ ಇದು ವರದಿಯಾಗಿದೆ; ಗಂಡುಮಕ್ಕಳು ಇದನ್ನು ಓದಿ ನಗುವಂತಿಲ್ಲ. ಆಫ್ರಿಕದ ಮೂಲದವರ ಸುರುಳಿಗೂದಲು ಪ್ರತಿ ತಿರುವಿನಲ್ಲಿಯೂ ದುರ್ಬಲ. ಅವರಿಗೆ ಸಣ್ಣ ಸಣ್ಣ ಜಡೆಗಳು ನಿಜವಾದ ರಕ್ಷಣೆ. ಅಂಥ ಜಡೆಗಳನ್ನು ಶಾಲೆಗಳೂ ಕಛೇರಿಗಳೂ ನಿಷೇಧಿಸದಂತೆ ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯ 2019ರಲ್ಲಿ ಶಾಸನವನ್ನೇ ಮಾಡಿತು. ಆದರೆ ಅವರಲ್ಲಿಯೂ ಬಿಗಿತ ತನ್ನ ತೆರಿಗೆಯನ್ನು ವಸೂಲು ಮಾಡದೆ ಬಿಟ್ಟಿಲ್ಲ: ದಕ್ಷಿಣ ಆಫ್ರಿಕದಲ್ಲಿ ನಡೆದು 2007ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ ಸುಮಾರು ಮೂವರು ವಯಸ್ಕ ಸ್ತ್ರೀಯರಲ್ಲಿ ಒಬ್ಬರಿಗೆ ಈ ತೊಂದರೆ ಕಂಡುಬಂದಿತು.

ಬಿಗಿಯಾಗಿ ಹೆಣೆದರೆ ಕೂದಲು ಉದ್ದ ಬೆಳೆಯುತ್ತದೆಂದು ನಮ್ಮ ಹಿರಿಯರು ಕೆಲವರು ಹೇಳುವುದುಂಟು. ಬೆಳವಣಿಗೆ ನಡೆಯುವುದು ಚರ್ಮದ ಕೆಳಗೆ. ಎಳೆದ ಮಾತ್ರಕ್ಕೆ ಅದು ಹೆಚ್ಚದು. ಜಡೆಯಿಂದ ತುದಿ ಕಡಿಯದೆ ಉಳಿಯುತ್ತದೆ, ಆದುದರಿಂದ ಉದ್ದವಾಗಿ ಕಾಣುತ್ತದೆ, ಅಷ್ಟೆ.

ಶಾಲೆಗಳು ಜಡೆಯ ನಿಯಮವನ್ನು ಕೈಬಿಡಬೇಕೆಂದು ನಾನು ಹೇಳುತ್ತಿಲ್ಲ. ಪ್ರಯೋಗಶಾಲೆಯಲ್ಲಿ ಬರ್ನರಿನ ಮುಂದೆ ನಿಲ್ಲುವವರಿಗೆ ಕಟ್ಟಿದ ಕೂದಲು ಬೇಕೇ ಬೇಕು. ಕೂದಲು ಒದ್ದೆಯಾಗಿರುವ ದಿನ ಕತ್ತಿನ ಬಳಿ ಸಡಿಲವಾದ ಒಂದೇ ಜಡೆಯಲ್ಲಿ ಬರಲು ಅನುಮತಿ ಕೊಡಲಿ. ರಬ್ಬರ್ ಬ್ಯಾಂಡಿಗಿಂತ ಬಟ್ಟೆಯ ರಿಬ್ಬನನ್ನು ಒಪ್ಪಲಿ. ಬೈತಲೆಯ ಜಾಗವನ್ನು ಆಗಾಗ ಬದಲಿಸಿದವಳನ್ನು ಗದರಿಸದಿರಲಿ. ಹೆಣೆಯುವವರಿಗೆ ಅಳತೆಗೋಲು ಬೇಡ. ಹುಬ್ಬು ಮೇಲಕ್ಕೆ ಜಗ್ಗಿದಂತಾದರೆ, ಇಲ್ಲವೆ ಹುಡುಗಿ “ಅಮ್ಮಾ, ನೋಯುತ್ತೆ” ಎಂದರೆ, ಅಲ್ಲಿಗೆ ನಿಲ್ಲಿಸಿ ಬಿಚ್ಚಿ ಹೆಣೆಯಬೇಕು. ಸಡಿಲ ಜಡೆ ಸಂಜೆಯ ಹೊತ್ತಿಗೆ ಕೆದರುತ್ತದೆಂದು ಮುಖ್ಯೋಪಾಧ್ಯಾಯಿನಿಯರು ಆಕ್ಷೇಪಿಸಬಹುದು. ನಾಲ್ಕಾರು ಎಳೆ ಕೆದರುವುದು ನಿಜ. ಆ ಹೊತ್ತಿಗೆ ಹುಡುಗಿಯರು ಆಟದ ಬಯಲಿನಲ್ಲಿರುತ್ತಾರೆ.