ಕ್ಯಾಮೆರಾಕ್ಕೆ ಕೊಟೇಶನ್, ಹಾಡುವವರಿಗೆ ಪ್ರಾರ್ಥನೆ

ನಮ್ಮ ಸಣ್ಣಪುಟ್ಟ ಕ್ರೈಸ್ತ ಮಾಧ್ಯಮ ಸಂಸ್ಥೆಗಳ ಬಜೆಟ್ ಶೀಟ್ ಯಾವತ್ತಾದರೂ ನೋಡಿದ್ದೀರಾ? ನಾನು ಬೇಕಾದಷ್ಟು ನೋಡಿದ್ದೇನೆ. ಸಾಫ್ಟ್‌ವೇರ್ ಇಂಜಿನಿಯರ್ ಅಂತ ಗೊತ್ತಾದ ಮೇಲೆ ಊರಲ್ಲಿ ಕೆಟ್ಟ ಪ್ರಿಂಟರ್, ಸಭೆಯಲ್ಲಿ ಎಕ್ಸೆಲ್ ಶೀಟ್, ಎರಡೂ ನಮ್ಮ ಪಾಲಿಗೆ ಬಂದೇ ಬರುತ್ತವೆ. ಆ ಶೀಟಿನಲ್ಲಿ ಕ್ಯಾಮೆರಾಕ್ಕೆ ಮೂರು ಅಂಗಡಿಗಳ ಕೊಟೇಶನ್ ಇರುತ್ತೆ. ಲೆನ್ಸಿಗೆ ಬೇರೆ ಸಾಲು, ಲೈಟಿಗೆ ಬೇರೆ ಸಾಲು, ಡ್ರೋನ್ ಬಾಡಿಗೆ, ಹಾರ್ಡ್ ಡಿಸ್ಕ್, ಎಡಿಟಿಂಗ್ ಸಾಫ್ಟ್‌ವೇರಿನ ಚಂದಾ, ಎಲ್ಲ ಜಿಎಸ್‌ಟಿ ಸಮೇತ. ಕೆಳಗೆ ಇಳಿದಂತೆ ಹಾಡಿದವರು, ಹಾಡು ಬರೆದವರು, ನಾಟಕದಲ್ಲಿ ಪಾತ್ರ ಮಾಡಿದವರು ಬರುತ್ತಾರೆ. ಅವರ ಮುಂದಿನ ಕಾಲಮ್ಮಿನಲ್ಲಿ 'ವಾಲಂಟಿಯರ್' ಅಂತಿರುತ್ತೆ, ಇಲ್ಲಾ ಸೊನ್ನೆ. ಎಷ್ಟೋ ಶೀಟುಗಳಲ್ಲಿ ಆ ಸಾಲೇ ಇರಲ್ಲ.

ನನ್ನ ತಕರಾರು ಇಷ್ಟೇ. ನಮ್ಮಲ್ಲಿ ಯಂತ್ರಕ್ಕೆ ದುಡ್ಡು ಕೊಡುತ್ತೇವೆ, ಮನುಷ್ಯರಿಗೆ ಆಶೀರ್ವಾದ ಕೊಡುತ್ತೇವೆ. ಈಗ ಎಐ ಬಂದಿದೆ. ಇಷ್ಟು ವರ್ಷ ಪುಕ್ಕಟೆಯಾಗಿ ದುಡಿಸಿಕೊಂಡ ಧ್ವನಿಯನ್ನು ಇನ್ನುಮುಂದೆ ಆ ಮನುಷ್ಯರನ್ನು ಕರೆಯದೆಯೇ ದುಡಿಸಿಕೊಳ್ಳಬಹುದು. ಜಗಳ ಆಡಬೇಕಾದ್ದು ಈಗಲೇ.

ಹೊರಗಿನವರಿಗೆ ಸ್ವಲ್ಪ ವಿವರ ಬೇಕು. ಸಣ್ಣ ಮಾಧ್ಯಮ ಸೇವೆ ಅಂದರೆ ಟಿವಿಯಲ್ಲಿ ಬರೋ ದೊಡ್ಡ ಬೋಧಕರ ಸಾಮ್ರಾಜ್ಯ ಅಂದ್ಕೋಬೇಡಿ. ಐದಾರು ಜನ, ಬಾಡಿಗೆ ಮನೆಯ ಮಹಡಿ, ಗೋಡೆಗೆ ಫೋಮ್ ಅಂಟಿಸಿದ ಒಂದು ರೆಕಾರ್ಡಿಂಗ್ ಕೋಣೆ, ಒಂದು ಯೂಟ್ಯೂಬ್ ಚಾನೆಲ್. ಸಂಡೇ ಸ್ಕೂಲ್ ಮಕ್ಕಳಿಗೆ ಹಾಡು, ಕ್ರಿಸ್ಮಸ್ಸಿಗೆ ಕಿರುಚಿತ್ರ, ಓದಲು ಬಾರದ ಹಿರಿಯರಿಗೆ ಮೆಮೊರಿ ಕಾರ್ಡಿನಲ್ಲಿ ಬೈಬಲ್ ಕಥೆಗಳು. ಒಳ್ಳೆಯ ಕೆಲಸವೇ. ಗದಗಿನ ಕಡೆಯ ಹಳ್ಳಿಯಲ್ಲಿ ಬೆಳೆದ ನನಗೆ ಆ ಕಥೆಗಳ ಬೆಲೆ ಗೊತ್ತು. ನಮ್ಮಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಅವಳ ಬೈಬಲ್ ಅಂದರೆ ಒಂದು ಟೇಪ್ ರೆಕಾರ್ಡರ್ ಮತ್ತು ಹನ್ನೆರಡು ಕ್ಯಾಸೆಟ್.

ಹಾಗಾಗಿ ನಾನು ತಂತ್ರಜ್ಞಾನದ ವಿರೋಧಿ ಅಂತ ಯಾರೂ ಬೋರ್ಡು ಹಚ್ಚಬೇಡಿ, ನನ್ನ ಅನ್ನವೇ ಅದರಿಂದ ಬರುತ್ತೆ. ಈ ಕ್ಷೇತ್ರದಲ್ಲಿ ಹೊಸ ಯಂತ್ರ ಹೊಸದೂ ಅಲ್ಲ. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಿಂದ 'ಮಂಗಳೂರ ಸಮಾಚಾರ' ಹೊರತಂದಾಗ ಕಲ್ಲಚ್ಚು ಆ ಕಾಲದ ಹೊಸ ಟೆಕ್ನಾಲಜಿ. ಕನ್ನಡದ ಮೊದಲ ಪತ್ರಿಕೆ ಅದು, ಅದರ ನೆನಪಿಗೇ ನಾವು ಜುಲೈ 1ನ್ನು ಪತ್ರಿಕಾ ದಿನ ಅನ್ನೋದು. 1939ರಲ್ಲಿ ಲಾಸ್ ಏಂಜಲೀಸಿನಲ್ಲಿ ಜಾಯ್ ರಿಡ್ಡರ್‌ಹಾಫ್ ಎಂಬ ಮಹಿಳೆ ಶುರು ಮಾಡಿದ ಗಾಸ್ಪೆಲ್ ರೆಕಾರ್ಡಿಂಗ್ಸ್ ಸಂಸ್ಥೆಯವರು ಮುಂದೆ ಕರೆಂಟಿಲ್ಲದ ಊರುಗಳಿಗಾಗಿ ರಟ್ಟಿನ ಗ್ರಾಮಫೋನನ್ನೇ ಮಾಡಿಬಿಟ್ಟರು. ಮಡಚೋ ರಟ್ಟು, ಒಂದು ಸೂಜಿ, ತಟ್ಟೆಯನ್ನು ಕೈಯಲ್ಲೇ ತಿರುಗಿಸಬೇಕು. ಎಂಥಾ ತಲೆ ನೋಡಿ! ಕೇಳುವವರ ಮನೆಯಲ್ಲಿ ಏನಿಲ್ಲ ಅನ್ನೋದನ್ನು ಮೊದಲು ನೋಡಿ, ಆಮೇಲೆ ಯಂತ್ರ ಮಾಡಿದ್ದಾರೆ. ನಮ್ಮವರು ಮೊದಲು ಯಂತ್ರ ತರಿಸಿ, ಡಬ್ಬಿ ಬಿಚ್ಚುವ ವಿಡಿಯೋ ಮಾಡಿ, ಆಮೇಲೆ ಇದರಲ್ಲಿ ಏನು ಹೇಳೋಣ ಅಂತ ಮೀಟಿಂಗ್ ಕರೆಯುತ್ತಾರೆ.

ಇರಲಿ, ದುಡ್ಡಿನ ಮಾತಿಗೆ ಬರೋಣ.

ಹಾಡೊಂದು ರೆಕಾರ್ಡ್ ಆಗುವಾಗ ನೀವು ಆ ಕೋಣೆಯಲ್ಲಿ ಇರಬೇಕು. ಕೀಬೋರ್ಡ್ ನುಡಿಸಲು, ತಬಲಾ ಬಾರಿಸಲು ಹೊರಗಿಂದ ಕಲಾವಿದರು ಬರುತ್ತಾರೆ. ಮದುವೆ ಆರ್ಕೆಸ್ಟ್ರಾ, ಭಜನೆ, ಜಾಹೀರಾತು, ಎಲ್ಲದಕ್ಕೂ ನುಡಿಸುವವರು. ಅವರಿಗೆ ಅವತ್ತೇ ದುಡ್ಡು, ಊಟ, ಹೋಗಿಬರುವ ಖರ್ಚು. ಕೊಡದಿದ್ದರೆ ಅವರು ಮುಂದಿನ ಸಲ ಬರಲ್ಲ. ಕೊಡಲೇಬೇಕಾದ್ದೇ, ಅದರಲ್ಲಿ ತಪ್ಪಿಲ್ಲ. ಅದೇ ಮೈಕಿನ ಮುಂದೆ ನಮ್ಮ ಸಭೆಯ ಹುಡುಗಿ ಗಾರ್ಮೆಂಟ್ಸಿಗೆ ಅರ್ಧ ದಿನ ರಜೆ ಹಾಕಿ ಬಂದು ಹಾಡಿರುತ್ತಾಳೆ. ಆ ಅರ್ಧ ದಿನದ ಸಂಬಳವೂ ಹೋಯಿತು. ಅವಳಿಗೆ ಕೊನೆಗೆ ಎಲ್ಲರೂ ಸುತ್ತ ನಿಂತು ಪ್ರಾರ್ಥನೆ ಮಾಡುತ್ತಾರೆ. ಹೊರಗಿನವರದು ಕೆಲಸ, ಮನೆಯವರದು ಸೇವೆ. ಸೇವೆ ಅನ್ನೋ ಪದ ಎಷ್ಟು ಚಂದ! ಅದನ್ನು ಹೇಳಿದ ಕೂಡಲೇ ಎದುರಿನವರ ಬಾಯಿ ಮುಚ್ಚುತ್ತೆ.

ಕೇಳಿದರೆ ವಚನ ತೆಗೆಯುತ್ತಾರೆ. ಮತ್ತಾಯ 10ನೇ ಅಧ್ಯಾಯ, 8ನೇ ವಚನ: ಪುಕ್ಕಟೆಯಾಗಿ ಸಿಕ್ಕಿದ್ದನ್ನು ಪುಕ್ಕಟೆಯಾಗಿ ಕೊಡಬೇಕು ಅನ್ನೋ ಅರ್ಥದ್ದು. ಸರಿ ಸ್ವಾಮಿ, ಎರಡೇ ವಚನ ಕೆಳಗೆ ಕಣ್ಣಾಡಿಸಿ. 10ನೆಯದರಲ್ಲಿ ದುಡಿಯುವವರಿಗೆ ಅವರ ಅನ್ನ ಸಿಗಬೇಕು ಅಂತಿದೆ. ಇನ್ನು ಕೆಲವರು ಪೌಲನನ್ನು ಕರೆತರುತ್ತಾರೆ, ಗುಡಾರ ಹೊಲಿದು ತನ್ನ ಹೊಟ್ಟೆ ತಾನೇ ಹೊರೆದುಕೊಂಡನಲ್ಲ ಅಂತ. ಹೌದು. ಆದರೆ ಅದೇ ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರದ 9ನೇ ಅಧ್ಯಾಯದಲ್ಲಿ, ಸೇವೆ ಮಾಡುವವರಿಗೆ ಕೂಲಿ ಪಡೆಯುವ ಹಕ್ಕಿದೆ ಅಂತ ವಕೀಲರ ಥರ ವಾದ ಮಾಡಿ, ಆಮೇಲೆ ನನ್ನ ಹಕ್ಕನ್ನು ನಾನು ಬಿಟ್ಟೆ ಅನ್ನುತ್ತಾನೆ. ಬಿಟ್ಟುಕೊಟ್ಟಿದ್ದು ತನ್ನ ಹಕ್ಕನ್ನು. ಗಾರ್ಮೆಂಟ್ಸ್ ಹುಡುಗಿಯ ಹಕ್ಕನ್ನಲ್ಲ.

ನನಗೆ ಇದೆಲ್ಲಕ್ಕಿಂತ ನೆಹೆಮೀಯನ ಪುಸ್ತಕದ 13ನೇ ಅಧ್ಯಾಯ ಇಷ್ಟ. ಅದರ ಮೇಲೆ ಪ್ರಸಂಗ ಕೇಳಿದ ನೆನಪೇ ನನಗಿಲ್ಲ. ನೆಹೆಮೀಯ ಜೆರೂಸಲೇಮಿಗೆ ವಾಪಸು ಬಂದು ನೋಡಿದರೆ ದೇವಾಲಯದಲ್ಲಿ ಹಾಡುವವರೇ ಇಲ್ಲ. ಎಲ್ಲಿ ಹೋದರು? ಅವರ ಪಾಲಿನ ಕಾಳುಕಡಿ ಕೊಟ್ಟಿರಲಿಲ್ಲ, ಹಾಗಾಗಿ ಎಲ್ಲರೂ ತಂತಮ್ಮ ಹೊಲಕ್ಕೆ ದುಡಿಯಲು ಹೋಗಿದ್ದರು. ಅವನು ಹಾಡುಗಾರರಿಗೆ ನಿಮ್ಮಲ್ಲಿ ಭಕ್ತಿ ಕಡಿಮೆಯಾಗಿದೆ ಅಂತ ಬೈಯಲಿಲ್ಲ. ಅಧಿಕಾರಿಗಳನ್ನು ಹಿಡಿದು ಜಗಳ ಮಾಡಿದ. ಹೊಲಕ್ಕೆ ವಾಪಸು ಹೋದ ಹಾಡುಗಾರರು ನಮ್ಮೂರಿನ ಕಡೆಯೂ ಇದ್ದಾರೆ. ಬಿಟಿ ಹತ್ತಿ ಬಿಡಿಸುತ್ತಾ ಹಾಡುತ್ತಾರೆ, ರೆಕಾರ್ಡಿಂಗಿಗೆ ಬನ್ನಿ ಅಂದರೆ ನಗುತ್ತಾರೆ.

ಇನ್ನು ಎಐ. ಒಂದು ಸಂಸ್ಥೆಯವರು ಹೋದ ವರ್ಷ ನನಗೆ ಫೋನ್ ಮಾಡಿದರು. ಹೆಸರು ಬೇಡ, ಹುಬ್ಬಳ್ಳಿ ಕಡೆಯವರು ಅಂದರೆ ಸಾಕು. ಅವರ ಹತ್ತಿರ ಒಂದು ಕಬ್ಬಿಣದ ಕಪಾಟಿನ ತುಂಬಾ ಹಳೆಯ ಕ್ಯಾಸೆಟ್ಟುಗಳಿವೆ. ಕಥೆ ಓದಿರೋದು ನಿವೃತ್ತ ಶಾಲಾ ಶಿಕ್ಷಕಿ, ಎಲ್ಲರೂ ಅಕ್ಕೋರು ಅಂತಲೇ ಕರೆಯೋದು. ತೊಂಬತ್ತರ ದಶಕದಿಂದ ಇಪ್ಪತ್ತು ವರ್ಷ ಶನಿವಾರ ಬೆಳಗಿನ ಶಾಲೆ ಮುಗಿಸಿ ಬಸ್ಸು ಹತ್ತಿ ಬಂದು ಓದಿದ್ದಾರೆ. ಈಗ ವಯಸ್ಸಾಗಿದೆ, ದಮ್ಮು ಹತ್ತುತ್ತೆ. ಕ್ಯಾಸೆಟ್ಟುಗಳನ್ನು ಡಿಜಿಟಲ್ ಮಾಡಿ, ಅದರಿಂದ ಅಕ್ಕೋರ ಧ್ವನಿಯ ಎಐ ನಕಲು ಮಾಡಿಕೊಡಬೇಕು. ಮುಂದಿನ ನೂರು ಕಥೆಗಳನ್ನು ಟೈಪ್ ಮಾಡಿ ಹಾಕಿದರೆ ಅಕ್ಕೋರೇ ಓದಿದ ಹಾಗೆ ಬರಬೇಕು. ಇದು ಬೇಡಿಕೆ.

"ಅಕ್ಕೋರನ್ನ ಕೇಳೀರೇನ್ರಿ?" ಅಂದೆ.

"ಕೇಳೋದೇನೈತಿ ಬ್ರದರ್? ಅವರದು ಸೇವಾ ಅಲ್ಲೇನು? ಅವರ ಸೇವಾ ಮುಂದವರೀತೈತಿ, ಸಂತೋಷನ ಪಡ್ತಾರ."

ತಾಂತ್ರಿಕವಾಗಿ ಇದು ಕಷ್ಟದ ಕೆಲಸ ಅಲ್ಲ. ಒಬ್ಬರ ಧ್ವನಿ ನಕಲು ಮಾಡಲು ಈಗ ಕೆಲವೇ ನಿಮಿಷಗಳ ಸ್ವಚ್ಛವಾದ ರೆಕಾರ್ಡಿಂಗ್ ಸಾಕು. ಇಪ್ಪತ್ತು ವರ್ಷದ ರಾಶಿ ಇದ್ದರೆ ಇನ್ನೇನು ಬೇಕು? ಕಷ್ಟ ಇರೋದು ಕ್ಯಾಸೆಟ್ಟಿನಲ್ಲಿ. ಒಂದು ಗಂಟೆಯ ಟೇಪು ಇಳಿಸಲು ಒಂದು ಗಂಟೆಯೇ ಬೇಕು, ಬೂಷ್ಟು ಹಿಡಿದ ಟೇಪಾದರೆ ಇನ್ನೂ ಹೆಚ್ಚು. ಅವರ ಸ್ಕ್ರಿಪ್ಟುಗಳೆಲ್ಲ ನುಡಿ, ಶ್ರೀಲಿಪಿಯ ಹಳೆಯ ಫಾಂಟಿನ ಪೇಜ್‌ಮೇಕರ್ ಫೈಲುಗಳಲ್ಲಿವೆ, ಯೂನಿಕೋಡಿಗೆ ಬದಲಾಯಿಸದಿದ್ದರೆ ಯಾವ ಎಐಗೂ ಅದು ಕನ್ನಡವೇ ಅಲ್ಲ. ಈ ಎರಡು ಕೆಲಸ ಮಾಡಿಕೊಡುತ್ತೇನೆ, ಟೇಪಿನ ಗುಂಯ್ ಅನ್ನೋ ಸದ್ದನ್ನು ಎಐ ಕೈಲೇ ತೆಗೆಸುತ್ತೇನೆ, ಧ್ವನಿಯ ನಕಲು ಮಾತ್ರ ಅಕ್ಕೋರನ್ನು ಕೇಳದೆ ಮಾಡಲ್ಲ ಅಂದೆ. ನಾನೇ ಅವರಿಗೆ ಫೋನ್ ಮಾಡಿದೆ.

ಅಕ್ಕೋರು ಪೂರ್ತಿ ಕೇಳಿಸಿಕೊಂಡರು. "ನನ್ನ ಧ್ವನಿ ನನಗಿಂತ ಹೆಚ್ಚ ಬಾಳತೈತಿ ಅಂದ್ರ ಛಲೋನ ಆತಪಾ," ಅಂದರು. "ಆದ್ರ ನಾ ಓದದ್ದನ್ನ ನಾ ಓದೀನಿ ಅಂತ ಮಂದಿಗೆ ಹೇಳಬ್ಯಾಡ್ರಿ." ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ಯಂತ್ರಕ್ಕೆ ಎಷ್ಟು ಖರ್ಚು ಅಂತ ಕೇಳಿದರು. ಯಂತ್ರ ಅಂತ ಏನಿಲ್ಲ ಅಕ್ಕೋರ, ಅಮೆರಿಕದ ಕಂಪನಿಗೆ ತಿಂಗಳಾ ತಿಂಗಳಾ ಡಾಲರಿನಲ್ಲಿ ಕಟ್ಟಬೇಕು ಅಂದೆ.

"ಹೌದಾ? ಅದಕ್ಕ ತಿಂಗಳಾ ಕೊಡ್ತಾರೇನು?"

ಸಿಟ್ಟಿರಲಿಲ್ಲ ಅವರ ದನಿಯಲ್ಲಿ. ಇಪ್ಪತ್ತು ವರ್ಷ ಅವರಿಗೆ ಸಿಕ್ಕಿದ್ದು ಬಸ್ ಚಾರ್ಜು. ಅದೂ ಕೆಲವು ಸಲ.

ಅಕ್ಕೋರು ಹೇಳಿದ ಮೊದಲ ಮಾತನ್ನು ನಮ್ಮ ಮಾಧ್ಯಮದವರು ಕಿವಿಯಲ್ಲಿ ಹಾಕಿಕೊಳ್ಳಬೇಕು. ಸಾಕ್ಷಿ ಅನ್ನೋ ಪದವನ್ನು ಸಭೆಯಲ್ಲಿ ದಿನಕ್ಕೆ ಹತ್ತು ಸಲ ಬಳಸುತ್ತೇವೆ. ಸಾಕ್ಷಿ ಅಂದರೆ ಒಬ್ಬ ಮನುಷ್ಯ ತಾನೇ ನಿಂತು ಹೇಳೋದು. ಹೇಳದ ಮಾತನ್ನು ಹೇಳಿದ್ದಾರೆ ಅಂತ ಕೇಳಿಸುವುದಕ್ಕೆ ಕೋರ್ಟಿನಲ್ಲಿ ಬೇರೆ ಹೆಸರಿದೆ. ಕೋರ್ಟ್ ಅಂದ ಮೇಲೆ ಇದನ್ನೂ ಹೇಳಿಬಿಡುತ್ತೇನೆ. 1957ರ ಕಾಪಿರೈಟ್ ಕಾಯ್ದೆಯ 38ನೇ ಕಲಮಿನ ಪ್ರಕಾರ ಹಾಡಿದವರಿಗೆ, ಓದಿದವರಿಗೆ, ನಟಿಸಿದವರಿಗೆ ತಮ್ಮ ಪ್ರದರ್ಶನದ ಮೇಲೆ 50 ವರ್ಷ ಹಕ್ಕಿದೆ. 2012ರ ತಿದ್ದುಪಡಿ ಬಂದ ಮೇಲೆ, ತಮ್ಮ ಹೆಸರು ಹಾಕಿ ಅಂತ ಕೇಳುವ, ಹೆಸರು ಕೆಡುವಂತೆ ತಿರುಚಿದರೆ ತಡೆಯುವ ಹಕ್ಕೂ ಇದೆ. 2024ರ ಜುಲೈಯಲ್ಲಿ ಬಾಂಬೆ ಹೈಕೋರ್ಟು ಗಾಯಕ ಅರಿಜಿತ್ ಸಿಂಗ್ ಅವರ ಧ್ವನಿಯನ್ನು ಎಐ ಮೂಲಕ ನಕಲು ಮಾಡುವುದಕ್ಕೆ ಮಧ್ಯಂತರ ತಡೆ ಕೊಟ್ಟಿತು. ಅರಿಜಿತ್‌ಗೆ ವಕೀಲರಿದ್ದಾರೆ, ಅಕ್ಕೋರಿಗೆ ಸಭೆ ಇದೆ. ಸಭೆಯೇ ಕೇಳದೆ ತೆಗೆದುಕೊಂಡರೆ ಅಕ್ಕೋರು ಯಾರ ಬಾಗಿಲಿಗೆ ಹೋಗಬೇಕು?

ಹಾಡಿನ ವಿಷಯ ಇನ್ನೂ ಹಾಳು. ಈಗ ನಾಲ್ಕು ಸಾಲು ಬರೆದು ಸುನೋಗೆ ಹಾಕಿದರೆ ನಿಮಿಷದಲ್ಲಿ ಹಾಡು, ವಾದ್ಯ, ಕೋರಸ್ ಎಲ್ಲ ಬರುತ್ತೆ. ಪದವನ್ನು ಎಲ್ಲೆಲ್ಲೋ ಒಡೆದು, ಒತ್ತಕ್ಷರ ನುಂಗಿ, ಹ್ರಸ್ವ ದೀರ್ಘ ಅದಲು ಬದಲು ಮಾಡಿ. "ದೇವರಿಗೆ ಮಹಿಮೆ ಆದ್ರೆ ಸಾಕಲ್ವಾ" ಅಂತಾರೆ. 1862ರಲ್ಲೇ ಕಿಟೆಲ್ ಕ್ರಿಸ್ತನ ಕಥೆಯನ್ನು 'ಕಥಾಮಾಲೆ' ಅಂತ ನಮ್ಮ ಛಂದಸ್ಸಿನಲ್ಲಿ ಬರೆದರು, ಮುಂದೆ ನಾಗವರ್ಮನ 'ಛಂದೋಂಬುಧಿ'ಯನ್ನೇ ಸಂಪಾದಿಸಿ ಅಚ್ಚು ಹಾಕಿಸಿದರು. ಜರ್ಮನಿಯಿಂದ ಬಂದವರಿಗೆ ಕನ್ನಡದ ಮಾತ್ರೆ, ಗಣ ಕಲಿಯುವಷ್ಟು ವ್ಯವಧಾನ ಇತ್ತು. ಗದಗಿನಲ್ಲಿ ಹುಟ್ಟಿದವರಿಗೆ ಇಲ್ಲ.

"ಕೊಡಲು ದುಡ್ಡೆಲ್ಲಿದೆ ಬ್ರದರ್, ಕಾಣಿಕೆಯಲ್ಲಿ ನಡೆಯೋ ಸಂಸ್ಥೆ" ಅನ್ನೋದು ಕೊನೆಯ ಬಾಣ. ಇದನ್ನು ನಾನು ತಮಾಷೆ ಮಾಡಲ್ಲ, ಅವರ ಕಷ್ಟ ನಿಜ. ಬಾಡಿಗೆ ಕಟ್ಟೋದಕ್ಕೇ ತಿಂಗಳ ಕೊನೆಗೆ ಒದ್ದಾಡುತ್ತಾರೆ. ಆದರೆ ದುಡ್ಡು ಕಡಿಮೆ ಇದ್ದಾಗ ಯಾವ ಸಾಲು ಮೊದಲು ಹೋಗುತ್ತೆ ಅನ್ನೋದು ಬಡತನದ ಪ್ರಶ್ನೆ ಅಲ್ಲ. ನಾಲ್ಕು ವರ್ಷ ಹಳೆಯ ಕ್ಯಾಮೆರಾದಲ್ಲಿ ಶೂಟ್ ಮಾಡಿದ ಕಿರುಚಿತ್ರವನ್ನು ಯಾವ ಅಜ್ಜಿಯೂ ಪಿಕ್ಸೆಲ್ ಎಣಿಸಿ ನೋಡಲ್ಲ. ಬಾಸೆಲ್ ಮಿಷನ್ನಿನವರ ಸಂಬಳ ಧಾರಾಳವಾಗಿತ್ತು ಅಂತ ನಾನು ಹೇಳುತ್ತಿಲ್ಲ. ಆದರೆ ಧರ್ಮ ಬದಲಿಸಿ ಕಸುಬು ಕಳೆದುಕೊಂಡವರಿಗೆ ಬರೀ ಪ್ರಾರ್ಥನೆ ಸಾಲದು ಅಂತ ಅವರಿಗೆ ಗೊತ್ತಿತ್ತು. ಅದಕ್ಕೇ ನೇಯ್ಗೆ ಶುರು ಮಾಡಿದರು, 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದರು.

ಈಗ ಇದನ್ನು ಓದುತ್ತಿರುವ ನಿಮ್ಮ ಕಡೆ ತಿರುಗುತ್ತೇನೆ. ನೀವೂ ನನ್ನಂತೆ ಮಾನ್ಯತಾ ಟೆಕ್ ಪಾರ್ಕಿನಲ್ಲೋ ವೈಟ್‌ಫೀಲ್ಡಿನಲ್ಲೋ ವಾರ ಕಳೆದು ಶನಿವಾರ ಲ್ಯಾಪ್‌ಟಾಪ್ ಹಿಡಿದು ಸೇವೆಗೆ ಹೋಗುವವರಿರಬಹುದು. ಚರ್ಚೇ ಆಗಬೇಕಿಲ್ಲ. ರಂಗತಂಡ, ಎನ್‌ಜಿಒ, ಕನ್ನಡ ಸಂಘ, ಎಲ್ಲ ಕಡೆ ಇದೇ ಕಥೆ. ನಮಗೆ ತಿಂಗಳ ಕೊನೆಗೆ ಸಂಬಳ ಬೀಳುತ್ತೆ, ಪಿಎಫ್ ಇದೆ, ವಿಮೆ ಇದೆ. ನಾವು ಪುಕ್ಕಟೆ ಕೆಲಸ ಮಾಡಬಹುದು, ಸಂತೋಷ. ತೊಂದರೆ ಏನೆಂದರೆ ನಮ್ಮ ಪುಕ್ಕಟೆಯೇ ಅಲ್ಲಿ ರೇಟ್ ಆಗಿಬಿಡುತ್ತೆ. "ನೋಡಿ, ಆ ಬೆಂಗಳೂರಿನ ಇಂಜಿನಿಯರೇ ಒಂದು ರೂಪಾಯಿ ತಗೊಳ್ಳಲ್ಲ" ಅಂತ ಗಾರ್ಮೆಂಟ್ಸ್ ಹುಡುಗಿಗೆ ನಮ್ಮನ್ನೇ ತೋರಿಸುತ್ತಾರೆ. ಆದ್ದರಿಂದ ಪುಕ್ಕಟೆ ಮಾಡುವ ಮೊದಲು ಬಜೆಟ್ ಶೀಟ್ ಕೇಳಿ. ಕಲಾವಿದರ ಗೌರವಧನದ ಸಾಲು ಲೆನ್ಸಿನ ಸಾಲಿಗಿಂತ ಮೇಲಿದೆಯಾ ನೋಡಿ. ಧ್ವನಿ, ಮುಖ, ಹಾಡು ಏನನ್ನೇ ಮತ್ತೆ ಬಳಸಬೇಕಾದರೂ ಅರ್ಧ ಪುಟದ ಒಪ್ಪಂದ ಇರಲಿ, ಕನ್ನಡದಲ್ಲಿರಲಿ, ಓದಲು ಬಾರದವರಿಗೆ ಓದಿ ಹೇಳಿರಲಿ. ಎಐ ಧ್ವನಿಯಾದರೆ ಕಥೆ ಶುರುವಾಗುವ ಮೊದಲೇ ಇದು ಯಂತ್ರದ ಓದು ಅಂತ ಹೇಳಲಿ. ಇಷ್ಟಕ್ಕೆ ಯಾವ ಸಂಸ್ಥೆಯೂ ದಿವಾಳಿ ಆಗಲ್ಲ.

ಹುಬ್ಬಳ್ಳಿಯವರ ಕ್ಯಾಸೆಟ್ಟುಗಳಲ್ಲಿ ಅರವತ್ತು ಇಳಿಸಿಯಾಗಿದೆ, ಉಳಿದವು ನನ್ನ ಮನೆಯ ಅಟ್ಟದ ಮೇಲಿವೆ. ಅಕ್ಕೋರ ಮೊಮ್ಮಗಳಿಗೆ ಓದಲು ಕಲಿಸಿ ಹೊಸ ಕಥೆಗಳನ್ನು ಅವಳ ಕೈಲಿ ಓದಿಸಿ, ಕಲಿಸುವ ಅಕ್ಕೋರಿಗೂ ಓದುವ ಹುಡುಗಿಗೂ ದುಡ್ಡು ಕೊಡಿ ಅಂತ ಬರೆದು ಕಳಿಸಿದ್ದೆ. ಹೋದ ವಾರ ಪರಿಷ್ಕೃತ ಬಜೆಟ್ ಬಂತು. 'ಓದುವವರ ಗೌರವಧನ' ಅಂತ ಹೊಸ ಸಾಲು ಸೇರಿಸಿದ್ದಾರೆ, ಹನ್ನೊಂದನೆಯದು, ಟ್ರೈಪಾಡಿನ ಕೆಳಗೆ. ಮೊತ್ತದ ಜಾಗ ಇನ್ನೂ ಖಾಲಿ ಇದೆ. ಅಲ್ಲಿ ಒಂದು ಅಂಕಿ ಹಾಕಿ ಕಳಿಸಿ ಅಂತ ಫೈಲನ್ನು ಹಾಗೇ ವಾಪಸು ಕಳಿಸಿದ್ದೇನೆ.