ಗೃಹವಾರ್ತೆ: ಮರಳಿನ ಜರಡಿ

ಮನೆ ಕಟ್ಟಿಸುವಾಗ ಕಲ್ಲು ಮರಳುಗಳ ವಿಚಾರ ಗಂಡಸರದೆಂಬ ಭಾವನೆ ನಮ್ಮಲ್ಲಿ ಇನ್ನೂ ಉಳಿದಿದೆ. ಆದರೆ ಜರಡಿ ಹಿಡಿದು ಪಳಗಿದ ಕೈಗೆ ಮರಳಿನ ಮರ್ಮವು ಬಹು ಬೇಗನೆ ತಿಳಿಯುವುದು.

ಕೆಂಗೇರಿ ಉಪನಗರದಲ್ಲಿ ನಮ್ಮ ಬಂಧುಗಳೊಬ್ಬರು ಆಯುಷ್ಯದ ಉಳಿತಾಯವನ್ನೆಲ್ಲ ಸುರಿದು ಮನೆ ಕಟ್ಟಿಸುತ್ತಿದ್ದರು. ತಾರಸಿ ಹಾಕುವ ಮುನ್ನಾದಿನ ಲಾರಿಯಲ್ಲಿ ಮರಳು ಬಂದಿತು. ರಶೀದಿಯಲ್ಲಿ "4ನೆಯ ವಲಯ" ಎಂದಿದ್ದುದನ್ನು ಯಜಮಾನರು ಮೇಲಿನ ದರ್ಜೆಯೆಂದೇ ತಿಳಿದು, ಅದರ ನಯವನ್ನು ಕಂಡು ಹಿಗ್ಗಿದರು. ಅವರ ಪತ್ನಿ ಮಾತ್ರ ಒಂದು ಹಿಡಿ ತೆಗೆದು ನೋಡಿ, "ಇದು ಚಿರೋಟಿ ರವೆಯ ಹಾಗಿದೆಯಲ್ಲ! ಇಂಜಿನಿಯರರನ್ನು ಒಂದು ಮಾತು ಕೇಳಿಬಿಡಿ" ಎಂದರು. ಇಂಜಿನಿಯರರು ಬಂದು ನೋಡಿ, ತಾರಸಿಯ ಕೆಲಸವನ್ನು 2 ದಿನ ಮುಂದೂಡಿಸಿ, ಬೇರೆ ಮರಳನ್ನು ತರಿಸಿದರು.

ವಲಯವೆಂಬುದು ದರ್ಜೆಯಲ್ಲ, ಕಣದ ಗಾತ್ರ. 2016ರಲ್ಲಿ ಪರಿಷ್ಕೃತವಾದ ಐ.ಎಸ್. 383 ಎಂಬ ಭಾರತೀಯ ಮಾನಕವು ಕಾಂಕ್ರೀಟಿನ ಮರಳನ್ನು 4 ವಲಯಗಳಾಗಿ ವಿಂಗಡಿಸುತ್ತದೆ. ಮರಳನ್ನು ಒಣಗಿಸಿ, 4.75 ಮಿಲಿಮೀಟರಿನಿಂದ 0.15 ಮಿಲಿಮೀಟರಿನವರೆಗಿನ ಜರಡಿಗಳಲ್ಲಿ ಕ್ರಮವಾಗಿ ಜಾಲಿಸಬೇಕು. ಇವುಗಳಲ್ಲಿ ಮುಖ್ಯವಾದುದು 0.6 ಮಿಲಿಮೀಟರಿನದು. 100 ಪಾಲಿನಲ್ಲಿ 15ರಿಂದ 34 ಪಾಲು ಅದರಿಂದಿಳಿದರೆ 1ನೆಯ ವಲಯ. 35ರಿಂದ 59 ಆದರೆ 2ನೆಯದು. 60ರಿಂದ 79 ಆದರೆ 3ನೆಯದು. 80ಕ್ಕೆ ಮೇಲಾದರೆ 4ನೆಯದು. ಅಂಕಿ ಏರಿದಂತೆ ಮರಳು ನುಣುಪಾಗುವುದು.

ನುಣುಪಾದರೇನು ಕೆಟ್ಟಿತು? ಕಣಗಳು ಸಣ್ಣವಾದಷ್ಟೂ ಅವುಗಳ ಒಟ್ಟು ಮೈ ಹೆಚ್ಚು. ಅದನ್ನು ನೆನೆಸಲು ನೀರೂ ಹೆಚ್ಚು ಬೇಕು. ಸಿಮೆಂಟನ್ನು ಹೆಚ್ಚಿಸದೆ ನೀರನ್ನು ಮಾತ್ರ ಹೆಚ್ಚಿಸಿದರೆ ಕಾಂಕ್ರೀಟಿನ ಬಲ ಕುಗ್ಗುವುದು, ಒಣಗುವಾಗ ಬಿರುಕೂ ಬಿಡುವುದು. ದಪ್ಪ ಕಣಗಳ ಸಂದನ್ನು ಸಣ್ಣ ಕಣಗಳು ತುಂಬುವಂತೆ ಎಲ್ಲ ಗಾತ್ರಗಳೂ ಹದವಾಗಿ ಬೆರೆತಿರುವುದೇ ಒಳ್ಳೆಯ ಮರಳು.

"ಮೆಷ್" ಎಂಬ ಮಾತಿನಲ್ಲಿಯೂ ಇಂತಹುದೇ ಮೋಸವುಂಟು. ಮೆಷ್ ಎಂದರೆ ಜರಡಿಯ ಬಲೆಯಲ್ಲಿ 1 ಅಂಗುಲಕ್ಕೆ ಬರುವ ಕಣ್ಣುಗಳ ಎಣಿಕೆ. ಎಣಿಕೆ ಹೆಚ್ಚಿದರೆ ಕಣ್ಣು ಕಿರಿದು. ತಂತಿಯ ದಪ್ಪದಿಂದಲೂ ಕಣ್ಣಿನ ಅಳತೆ ಬದಲಾಗುವುದು. ಮೇಲೆ ಹೇಳಿದ 0.6 ಮಿಲಿಮೀಟರಿನ ಜರಡಿಗೆ ಅಮೆರಿಕದ ಪದ್ಧತಿಯಲ್ಲಿ 30 ಎಂದೂ ಹಳೆಯ ಬ್ರಿಟಿಷ್ ಪದ್ಧತಿಯಲ್ಲಿ 25 ಎಂದೂ ಸಂಖ್ಯೆ. ಆದುದರಿಂದ ಬರಿಯ ಮೆಷ್ ಸಂಖ್ಯೆಯನ್ನು ನಂಬದೆ ಮಿಲಿಮೀಟರಿನಲ್ಲಿಯೇ ಕೇಳತಕ್ಕದ್ದು.

ನದಿಯ ಮರಳು ವಿರಳವಾಗಿ, ಕಲ್ಲನ್ನು ಪುಡಿಮಾಡಿದ ಎಂ ಸ್ಯಾಂಡ್ ಬಳಕೆಗೆ ಬಂದಿರುವ ಈ ದಿನಗಳಲ್ಲಿಯೂ ಈ ನಿಯಮ ತಪ್ಪದು. ಇಟ್ಟಿಗೆ ಕಟ್ಟುವ ಗಾರೆಯ ಮರಳಿಗೆ ಐ.ಎಸ್. 2116, ಗಿಲಾವಿನ ಮರಳಿಗೆ ಐ.ಎಸ್. 1542 ಎಂದು ಬೇರೆ ಮಾನಕಗಳಿವೆ. ಒಂದೇ ರಾಶಿಯಿಂದ ಎಲ್ಲ ಕೆಲಸವನ್ನೂ ಮುಗಿಸಲು ಬಿಡಕೂಡದು.

"ಒಳ್ಳೆಯ ಮರಳು, 1 ಲೋಡು" ಎಂದು ಬರೆದುಕೊಟ್ಟರೆ ಒಳ್ಳೆಯದು ಯಾವುದೆಂದು ನಿರ್ಣಯಿಸುವವನು ಮಾರುವವನೇ. "ತಾರಸಿಯ ಕಾಂಕ್ರೀಟಿಗೆ, ಐ.ಎಸ್. 383, 2ನೆಯ ವಲಯ" ಎಂದು ಇಂಜಿನಿಯರರನ್ನು ಕೇಳಿ ಬರೆಯಿಸಿರಿ, ಲಾರಿ ಬಂದಾಗ ರಶೀದಿಯೊಡನೆ ಹೋಲಿಸಿ, ಒಂದು ಹಿಡಿಯನ್ನು ಅಂಗೈಯಲ್ಲಿ ಹರಡಿ ನೋಡಿರಿ. ಸುರಿದ ಮೇಲೆ ವಾದಿಸುವುದಕ್ಕಿಂತ ಸುರಿಯುವ ಮುನ್ನ ಕೇಳುವುದು ಮೇಲು.